ಲೇಖನದ ಕೊಂಡಿ ಉಳಿಯಬೇಕಾದರೆ

ಪ್ರಶ್ನೆ: ಪಿಎಚ್‌.ಡಿ. ಅಧ್ಯಯನಕ್ಕಾಗಿ ಗ್ರಂಥಾಲಯದ ಡೇಟಾಬೇಸ್‌ಗಳಲ್ಲಿ ಓದಿದ ಲೇಖನಗಳ ವಿಳಾಸಗಳನ್ನು ಬ್ರೌಸರ್‌ನಿಂದ ನಕಲಿಸಿ ಇಟ್ಟುಕೊಂಡಿದ್ದೆ. ಈಗ ಅವುಗಳಲ್ಲಿ ಹಲವು ತೆರೆಯುತ್ತಿಲ್ಲ. ತೆರೆಯುವ ಕೆಲವೂ ನನ್ನ ಮಾರ್ಗದರ್ಶಕರಿಗೆ ತೆರೆಯುವುದಿಲ್ಲ. ಕಾರಣವೇನು?
– ಸಂಶೋಧನಾ ವಿದ್ಯಾರ್ಥಿನಿ

ಉತ್ತರ: ಗ್ರಂಥಾಲಯದ ಬಾಗಿಲಲ್ಲಿ ಚೀಲ ಇಟ್ಟಾಗ ಕೊಡುವ ಟೋಕನ್ನನ್ನೇ ಪುಸ್ತಕದ ಕರೆಸಂಖ್ಯೆ ಎಂದು ಬರೆದುಕೊಂಡಂತೆ ಆಗಿದೆ ಇದು. ಹಲವು ಡೇಟಾಬೇಸ್‌ಗಳಲ್ಲಿ ಬ್ರೌಸರ್‌ನ ಮೇಲ್ತುದಿಯ ವಿಳಾಸಪಟ್ಟಿಯಲ್ಲಿ ಕಾಣುವುದು ನೀವು ಲಾಗಿನ್ ಆಗಿದ್ದ ಆ ಹೊತ್ತಿಗಷ್ಟೇ ಸಲ್ಲುವ ವಿಳಾಸ. ಪಿಡಿಎಫ್‌ನ ನೇರ ಕೊಂಡಿಯೂ ಎಷ್ಟೋ ಸಲ ಹೀಗೆಯೇ ತಾತ್ಕಾಲಿಕವಾದದ್ದು.

ನಕಲಿಸಬೇಕಾದದ್ದು ಮೊದಲಿಗೆ ಡಿಒಐ (ಡಿಜಿಟಲ್ ಆಬ್ಜೆಕ್ಟ್ ಐಡೆಂಟಿಫೈಯರ್), ಅಂದರೆ ಲೇಖನಕ್ಕೆ ಕೊಟ್ಟಿರುವ ಶಾಶ್ವತ ಗುರುತುಸಂಖ್ಯೆ. ‘10.’ ಎಂದು ಆರಂಭವಾಗಿ ನಡುವೆ ಓರೆಗೆರೆಯಿರುವ ಈ ಗುರುತು ಲೇಖನದ ಮೊದಲ ಪುಟದಲ್ಲಿಯೋ ಸಾರಾಂಶದ ಬಳಿಯೋ ಇರುತ್ತದೆ. ಪತ್ರಿಕೆಯ ಜಾಲತಾಣ ಬದಲಾದಾಗ ಪ್ರಕಾಶಕರು ಹೊಸ ವಿಳಾಸವನ್ನು ಕ್ರಾಸ್‌ರೆಫ್‌ನಂತಹ ನೋಂದಣಿ ಸಂಸ್ಥೆಗೆ ತಿಳಿಸುವುದರಿಂದ, ಡಿಒಐ ಡಾಟ್ ಆರ್ಗ್ ಎಂಬ ವಿಳಾಸದ ಮುಂದೆ ಓರೆಗೆರೆ ಹಾಕಿ ಬರೆದ ಅದೇ ಸಂಖ್ಯೆ ಓದುಗರನ್ನು ಹೊಸ ಪುಟಕ್ಕೆ ಕರೆದೊಯ್ಯುತ್ತದೆ. ಡಿಒಐ ಇಲ್ಲದಿದ್ದರೆ ಜೆಸ್ಟೋರ್‌ನಲ್ಲಿ ‘ಸ್ಟೇಬಲ್ ಯುಆರ್‌ಎಲ್’, ಎಬ್ಸ್ಕೊದಲ್ಲಿ ‘ಪರ್ಮಾಲಿಂಕ್’ ಎಂದಿರುವುದನ್ನು ತೆಗೆದುಕೊಳ್ಳಿ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳ ಜಾಲಭಂಡಾರವಾದ ಶೋಧಗಂಗಾದ ಪ್ರಬಂಧಗಳಿಗಾದರೆ 10603 ಎಂಬ ಸಂಖ್ಯೆಯುಳ್ಳ ಹ್ಯಾಂಡಲ್, ಅಂದರೆ ಬದಲಾಗದ ಕೊಂಡಿ, ಇದೆ; ಒಂದೊಂದು ಅಧ್ಯಾಯದ ಪಿಡಿಎಫ್‌ಗಿಂತ ಅದನ್ನು ಉಲ್ಲೇಖಿಸುವುದೇ ಮೇಲು.

ಮಾರ್ಗದರ್ಶಕರ ತೊಂದರೆ ಬೇರೆಯದಿರಬಹುದು. ಮನೆಯಿಂದ ಓದುವಾಗ ಗ್ರಂಥಾಲಯದ ಪ್ರಾಕ್ಸಿಯ (ಹೊರಗಿನಿಂದ ಲಾಗಿನ್ ಆದವರನ್ನು ಡೇಟಾಬೇಸ್‌ಗೆ ಒಯ್ಯುವ ನಡುವಣ ಸರ್ವರ್‌ನ) ಹೆಸರು ವಿಳಾಸದೊಳಗೆ ಸೇರಿಕೊಂಡಿದ್ದರೆ, ಆ ಗ್ರಂಥಾಲಯದ ಲಾಗಿನ್ ಇಲ್ಲದವರಿಗೆ ಅದು ತೆರೆಯದು. ನಿಮ್ಮ ಟಿಪ್ಪಣಿಯಲ್ಲಿ ಅಂಥ ಕೊಂಡಿ ಇದ್ದರೆ ಅನುಕೂಲವೇ. ಪ್ರಬಂಧದ ಆಕರಸೂಚಿಯಲ್ಲಿ ಮಾತ್ರ ಇರಬಾರದು.

ಈಗಾಗಲೇ ಕೆಟ್ಟಿರುವ ಕೊಂಡಿಗಳಿಗೆ, ಲೇಖನದ ಶೀರ್ಷಿಕೆಯನ್ನು ಕ್ರಾಸ್‌ರೆಫ್‌ನ ಉಚಿತ ಹುಡುಕಾಟದಲ್ಲಿ ಹಾಕಿದರೆ ಬಹುಪಾಲು ಇಂಗ್ಲಿಷ್ ಲೇಖನಗಳ ಡಿಒಐ ಸಿಗುತ್ತದೆ. ಕನ್ನಡದ ಎಷ್ಟೋ ಸಂಶೋಧನಾ ಪತ್ರಿಕೆಗಳಿಗೆ ಡಿಒಐ ಇಲ್ಲವೆಂಬುದು ಬೇಸರದ ಸಂಗತಿ. ಅಲ್ಲಿ ಲೇಖಕರ ಹೆಸರು, ಶೀರ್ಷಿಕೆ, ಸಂಪುಟ, ಸಂಚಿಕೆ, ವರ್ಷ, ಪುಟಸಂಖ್ಯೆಗಳೇ ಆಧಾರ; ಜೊಟೆರೊ ಎಂಬ ಉಚಿತ ತಂತ್ರಾಂಶದಲ್ಲಿ ಇವನ್ನು ಪಿಡಿಎಫ್ ಪ್ರತಿಯೊಂದಿಗೆ ಇಟ್ಟುಕೊಳ್ಳಬಹುದು.

ಹೊಸದಾಗಿ ಉಳಿಸಿದ ಪ್ರತಿ ಕೊಂಡಿಯನ್ನೂ ಅಂದೇ ಕ್ಯಾಂಪಸ್ಸಿನ ವೈಫೈ ಬಿಟ್ಟು, ಲಾಗಿನ್ ಆಗದ ಮೊಬೈಲ್‌ನಲ್ಲಿ ತೆರೆದು ನೋಡಿ. ಪೂರ್ಣಪಾಠ ಕಾಣದಿದ್ದರೂ ಲೇಖನದ ಹೆಸರಿರುವ ಪುಟ ಬಂದರೆ ಸಾಕು.