ಶಿವಮೊಗ್ಗದಿಂದ ವಿಮಾನ ಹತ್ತುವಾಗ ಕೈಚೀಲದ ಮಿತಿ ನಿಜಕ್ಕೂ ಅಷ್ಟು ಬಿಗಿಯೇ?

ಹೌದು. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯವರಿಗೆ ಹೆಚ್ಚೆಂದರೆ 7 ಕಿಲೋ ತೂಗುವ ಒಂದು ಕೈಚೀಲವೆಂಬುದು ರೂಢಿಯ ಮಿತಿ. ದೊಡ್ಡ ನಿಲ್ದಾಣಗಳಲ್ಲಿ ಅರ್ಧ ಕಿಲೋ ಹೆಚ್ಚಾದರೂ ಎಷ್ಟೋ ಸಲ ಯಾರೂ ತೂಗದೆ ಬಿಡುತ್ತಾರೆ. ಅದೇ ಧೈರ್ಯದಲ್ಲಿ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣಕ್ಕೆ ಬಂದು ಎಟಿಆರ್ 72ರಂಥ ಸಣ್ಣ ವಿಮಾನ ಹತ್ತಲು ಹೊರಟರೆ ತೊಂದರೆಯಾಗುತ್ತದೆ.

ಇದಕ್ಕೆ ಮುಖ್ಯ ಕಾರಣ ತೂಕಕ್ಕಿಂತ ಜಾಗ. ಎಪ್ಪತ್ತರ ಆಸುಪಾಸಿನಷ್ಟೇ ಆಸನಗಳಿರುವ ಈ ಪ್ರೊಪೆಲರ್ ವಿಮಾನದಲ್ಲಿ ತಲೆಯ ಮೇಲಿನ ಖಾನೆ ತೀರಾ ಕಿರಿದಾಗಿರುವುದರಿಂದ, ಜೆಟ್ ವಿಮಾನದಲ್ಲಿ ಸಲೀಸಾಗಿ ಕೂರುವ ಗಾಲಿಯ ಗಟ್ಟಿ ಪೆಟ್ಟಿಗೆ 7 ಕಿಲೋದೊಳಗಿದ್ದರೂ ಇಲ್ಲಿ ಅಂಚು ಹೊರಚಾಚಿ, ಖಾನೆಯ ಬಾಗಿಲು ಮುಚ್ಚದಂತಾಗಬಹುದು. ಅಂಥ ಪೆಟ್ಟಿಗೆಗೆ ಸಿಬ್ಬಂದಿ ಚೀಟಿ ಕಟ್ಟಿ ಸರಕಿನ ಕೋಣೆಗೆ ಕಳುಹಿಸುತ್ತಾರೆ. ಕೊಡುವ ಮುನ್ನ ಔಷಧಿಯನ್ನೂ ಪವರ್ ಬ್ಯಾಂಕನ್ನೂ ತಪ್ಪದೆ ಹೊರತೆಗೆದುಕೊಳ್ಳಿ, ಏಕೆಂದರೆ ಬೆಂಕಿಯ ಅಪಾಯವಿರುವ ಪವರ್ ಬ್ಯಾಂಕ್ ಅಲ್ಲಿಗೆ ಹೋಗುವಂತಿಲ್ಲ.

ಮಲೆನಾಡಿನಿಂದ ಹೊರಡುವವರ ಚೀಲದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಇದ್ದೇ ಇರುತ್ತದೆ. ಎಣ್ಣೆ, ರಸವಿರುವ ಆ ಜಾಡಿಯನ್ನು ಭದ್ರತಾ ತಪಾಸಣೆಯಲ್ಲಿ ತಡೆಯುವ ಸಂಭವವಿರುವುದರಿಂದ, ಬಾಯಿ ಬಿಗಿದು ಕೌಂಟರಿನಲ್ಲಿ ಕೊಡುವ ಸಾಮಾನಿನಲ್ಲೇ ಇಡಿ. ಕೈಗೆ ಮೆತ್ತನೆಯ ಬಟ್ಟೆಯ ಚೀಲ ಸಾಕು.