ಸಂಬಳಕ್ಕಾಗಿ ಮುಷ್ಕರ, ಜಗಳ ಮಾತ್ರ ಮನೆಯಲ್ಲಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ಫೋನಿನಲ್ಲಿ ಹೇಳುವ ಸಮಸ್ಯೆ ಒಂದು, ಎದುರು ಕೂತಾಗ ಹೊರಬರುವುದು ಇನ್ನೊಂದು. ನಾನು ಕುಟುಂಬಗಳ ಆಪ್ತಸಮಾಲೋಚಕಿ, ನಮ್ಮ ಕೆಲಸದಲ್ಲಿ ಇದು ಮಾಮೂಲಿ. ಈ ಸಲ ಅಪಾಯಿಂಟ್‌ಮೆಂಟ್ ಕೇಳಿದವರು ಗಂಡ. "ಮಗಳು ಓದುತ್ತಿಲ್ಲ, ಅಮ್ಮನ ಜೊತೆ ಮಾತು ಬಿಟ್ಟಿದ್ದಾಳೆ. ನೀವೇ ಸ್ವಲ್ಪ ಬುದ್ಧಿ ಹೇಳಬೇಕು" ಎಂದಿದ್ದರು. ಆದರೆ ಮಗಳು ಬರಲೇ ಇಲ್ಲ. ಬಂದವರು ಗಂಡ ಹೆಂಡತಿ ಇಬ್ಬರೇ. ನಡುವೆ ಒಂದು ಕುರ್ಚಿ ಬಿಟ್ಟು ಕೂತರು.

ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಇಲ್ಲಿ ಅವರನ್ನು ಟೀಚರ್ ಎಂದೇ ಕರೆಯುತ್ತೇನೆ. ಸಂಬಳ ಹೆಚ್ಚಿಸಬೇಕೆಂದು ಅವರ ಸಂಘ ಮುಷ್ಕರ ಹೂಡಿ ಆಗ ಮೂರನೇ ವಾರ. ಮಗಳಿಗೆ 15 ವರ್ಷ, ಓದುವುದು ಬೇರೆ ಶಾಲೆಯಲ್ಲಿ. ಅಲ್ಲಿನ ಶಿಕ್ಷಕರೂ ಇದೇ ಮುಷ್ಕರದಲ್ಲಿದ್ದಾರೆ, ಅಲ್ಲೂ ಬೀಗ. ವರ್ಷದ ಕೊನೆಗೆ ದೊಡ್ಡ ಪರೀಕ್ಷೆ ಬೇರೆ. ಗಂಡನಿಗೆ ಖಾಸಗಿ ಕಂಪನಿಯಲ್ಲಿ ಕೆಲಸ. ಮನೆ ಸಾಲದ ಕಂತು ಕಟ್ ಆಗುವುದು ಟೀಚರ್ ಖಾತೆಯಿಂದ. ಕೆಲಸ ಮಾಡದ ದಿನಕ್ಕೆ ಸಂಬಳವಿಲ್ಲ ಎಂಬ ನಿಯಮ ಹೆಚ್ಚುಕಡಿಮೆ ಎಲ್ಲ ಕಡೆ ಇದೆ, ಇವರಿಗೂ ಇತ್ತು.

ಮೊದಲ ಅರ್ಧ ಗಂಟೆ ಪೂರ್ತಿ ಮುಷ್ಕರದ ಚರ್ಚೆಯೇ. ಗಂಡ ಫೋನ್ ತೆಗೆದು ಓದಿದರು: ಅರ್ಜೆಂಟೀನಾದಲ್ಲಿ ಶಿಕ್ಷಕರ ಮುಷ್ಕರಗಳ ಬಗ್ಗೆ ಅಧ್ಯಯನ ಆಗಿದೆ, 2019ರಲ್ಲಿ ಪ್ರಕಟವಾಗಿದೆ, ಮುಷ್ಕರಗಳ ನಡುವೆ ಪ್ರಾಥಮಿಕ ಶಾಲೆ ಮುಗಿಸಿದ ಮಕ್ಕಳು ದೊಡ್ಡವರಾದ ಮೇಲೆ ಗಳಿಸುವುದೇ ಕಡಿಮೆಯಂತೆ. ಗಂಡಸರಲ್ಲಿ ಶೇ. 3.2, ಹೆಂಗಸರಲ್ಲಿ ಶೇ. 1.9 ಕಡಿಮೆ. ಟೀಚರ್ ಏನು ಸುಮ್ಮನಿರುತ್ತಾರಾ? 1966ರಲ್ಲಿ ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಶಿಕ್ಷಕರ ಸ್ಥಾನಮಾನದ ಶಿಫಾರಸು ಹೊರಡಿಸಿದ್ದನ್ನು ಎತ್ತಿದರು. ಮಾತುಕತೆ ಮುರಿದುಬಿದ್ದರೆ ಬೇರೆ ಸಂಘಟನೆಗಳಿಗಿರುವ ದಾರಿಗಳು ಶಿಕ್ಷಕರ ಸಂಘಗಳಿಗೂ ಇರಬೇಕು ಅಂತ ಅದರಲ್ಲೇ ಇದೆ ಎಂದರು. "ಅಕ್ಟೋಬರ್ 5ಕ್ಕೆ ಶಿಕ್ಷಕರ ದಿನ ಅಂತ ಜಗತ್ತೆಲ್ಲ ಶುಭಾಶಯ ಕಳಿಸುತ್ತಲ್ಲ, ಆ ಶಿಫಾರಸು ಒಪ್ಪಿದ ದಿನವೇ ಅದು. ಶುಭಾಶಯ ಬೇಕು, ಒಳಗೆ ಬರೆದಿರೋದು ಬೇಡ."

ಇಬ್ಬರು ಹೇಳಿದ್ದೂ ನಿಜವೇ. ಗಂಡನಿಗೆ ಒಂದು ಮಾತು ಸೇರಿಸಿ ಹೇಳಿದೆ. ಆ ಅಧ್ಯಯನ ನೋಡಿದ್ದು ಪ್ರಾಥಮಿಕ ಶಾಲೆಯ ಇಡೀ ಅವಧಿಯಲ್ಲಿ ಮತ್ತೆ ಮತ್ತೆ ಬಂದು ಕೂಡಿಕೊಂಡ ಮುಷ್ಕರದ ದಿನಗಳನ್ನು. ನಿಮ್ಮ ಮಗಳ ಮೂರು ವಾರಕ್ಕೆ ಆ ಅಂಕಿಯನ್ನು ಅಂಟಿಸಲು ಆಗುವುದಿಲ್ಲ. ಹಾಗಂತ ಮೂರು ವಾರ ಏನೂ ಅಲ್ಲ ಎಂದೂ ನಾನು ಹೇಳಲಿಲ್ಲ, ಪರೀಕ್ಷೆಯ ವರ್ಷದಲ್ಲಂತೂ ಹೇಳುವ ಹಾಗಿಲ್ಲ.

ಆಮೇಲೆ ಕೇಳಿದೆ, "ಮುಷ್ಕರ ಶುರುವಾಗುತ್ತೆ ಅಂತ ನಿಮಗೆ ಯಾವಾಗ ಗೊತ್ತಾಯಿತು?"

ಗಂಡ ತಕ್ಷಣ ಉತ್ತರ ಕೊಡಲಿಲ್ಲ. ಕೊಟ್ಟಾಗ ದನಿ ಇಳಿದಿತ್ತು. ಮಗಳ ಶಾಲೆಯ ಪೋಷಕರ ವಾಟ್ಸಾಪ್ ಗುಂಪಿನಿಂದ ಗೊತ್ತಾಗಿದ್ದಂತೆ. ಅಷ್ಟು ಹೊತ್ತಿಗೆ ಟೀಚರ್ ಸಂಘದ ಸಭೆಗೆ ಹೋಗಿ, ಮುಷ್ಕರದ ಪರ ಕೈ ಎತ್ತಿ, ಮನೆಗೆ ಬಂದು ಒಂದು ವಾರವಾಗಿತ್ತು. "ಊರಿಗೆಲ್ಲ ಗೊತ್ತು. ನನಗೆ ಮಾತ್ರ ಗೊತ್ತಿಲ್ಲ." ಟೀಚರ್ ಹೇಳಿದರು, "ಹೇಳಿದ್ರೆ ಬೇಡ ಅಂತಿದ್ರು. ಬೇಡ ಅಂದ ಮೇಲೆ ಹೋದ್ರೆ ಇನ್ನೂ ದೊಡ್ಡ ಜಗಳ. ಅದಕ್ಕೇ ಸುಮ್ಮನಿದ್ದೆ."

ಜಗಳದ ಬೇರು ಸಿಕ್ಕಿದ್ದು ಇಲ್ಲಿ. ಸಂಬಳ ಹೆಚ್ಚಿಸದವರು ಯಾರೋ ಎಲ್ಲೋ ಇದ್ದಾರೆ, ಅವರು ಮನೆಗೆ ಬರುವುದಿಲ್ಲ, ಅವರ ಮೇಲೆ ಕೂಗಾಡಲು ಆಗುವುದಿಲ್ಲ. ಕೈಗೆ ಸಿಗುವವರು ಮನೆಯವರು. ಹಾಗಾಗಿ ಮುಷ್ಕರದ ಸಿಟ್ಟೆಲ್ಲ ಮನೆಯವರ ಮೇಲೆಯೇ ತಿರುಗುತ್ತದೆ. ಅಲ್ಲಿ ಹಳೆಯ ಗಾಯ ಒಂದಿದ್ದರೆ ನೆಟ್ಟಗೆ ಅದರ ಮೇಲೇ ಬೀಳುತ್ತದೆ. ಮುಷ್ಕರಕ್ಕೆ ಹೋದವರ ಮನೆಗಳಲ್ಲಿ ಇದನ್ನು ಜಾಸ್ತಿಯೇ ನೋಡಿದ್ದೇನೆ.

ಟೀಚರ್ ತಮ್ಮ ಫೋನಿನಲ್ಲಿದ್ದ ಒಂದು ಫೋಟೋ ತೋರಿಸಿದರು. ಗೋಡೆಯ ಕ್ಯಾಲೆಂಡರ್. ಮುಷ್ಕರದ ಒಂದೊಂದು ದಿನಕ್ಕೂ ಕೆಂಪು ಪೆನ್ನಿನ ಸುತ್ತು. ರಜಾ ದಿನಗಳನ್ನು ಬಿಟ್ಟು, ತುಂಬಾ ಅಚ್ಚುಕಟ್ಟಾಗಿ. ಕೆಳಗಿನ ಖಾಲಿ ಜಾಗದಲ್ಲಿ ದಿನಕ್ಕೆ ಎಷ್ಟು ಸಂಬಳ ಹೋಗುತ್ತದೆ ಎಂಬ ಗುಣಾಕಾರ. ಹಾಕಿದವರು ಗಂಡ.

"ಎಷ್ಟು ಕಟ್ ಆಗುತ್ತೆ ಅಂತ ಲೆಕ್ಕ ಬೇಡ್ವಾ ಮೇಡಂ? ಅದಕ್ಕೇ ಹಾಕಿದ್ದು."

"ಇದು ಲೆಕ್ಕ ಅಲ್ಲ, ಚಾರ್ಜ್‌ಶೀಟು. ದಿನಾ ಬೆಳಗ್ಗೆ ಎದ್ದು ನೋಡೋದು ಇದನ್ನೇ."

ಗಂಡನನ್ನು ಕೆಟ್ಟವರು ಎನ್ನಲು ನನಗೆ ಮನಸ್ಸಿಲ್ಲ. ಕಂತು ತಪ್ಪಿದರೆ ಏನು ಗತಿ ಎಂಬ ಭಯ ಅವರದು. ಆ ಭಯವನ್ನು ಬಾಯಿ ಬಿಟ್ಟು ಹೇಳುವುದು ಬಾರದೆ ಗೋಡೆ ಮೇಲೆ ಬರೆದರು. ಅದನ್ನು ಅವರ ಹೆಂಡತಿ, ಮಗಳು, ಮನೆಗೆ ಬಂದ ನೆಂಟರು ಎಲ್ಲರೂ ಓದಿದರು, ಅಷ್ಟೇ.

ಎರಡನೇ ಭೇಟಿಯಲ್ಲಿ ಟೀಚರ್ ಒಬ್ಬರ ಜೊತೆಯೇ ಮಾತಾಡಿದೆ. ಆಗ ಇನ್ನೊಂದು ವಿಷಯ ಬಂತು. ಅವರು ರಾತ್ರಿ ಹೊತ್ತು ತಮ್ಮ ತರಗತಿಯ ಕೆಲವು ಮಕ್ಕಳಿಗೆ ಲೆಕ್ಕಗಳನ್ನು ಬಿಡಿಸಿ ಫೋಟೋ ಕಳಿಸುತ್ತಿದ್ದರು. ಒಬ್ಬ ಹುಡುಗನ ತಾಯಿ ಫೋನ್ ಮಾಡಿ ಅತ್ತಿದ್ದರಂತೆ. ಆಕೆಯದು ಗಂಟೆ ಲೆಕ್ಕದ ಕೆಲಸ. ಮಗನನ್ನು ಒಬ್ಬನೇ ಮನೆಯಲ್ಲಿ ಬಿಟ್ಟು ಹೋಗುವ ಹಾಗಿಲ್ಲ, ಹೋಗದಿದ್ದರೆ ಆ ದಿನದ ದುಡಿಮೆ ಇಲ್ಲ. ಅದನ್ನು ಕೇಳಿ ಟೀಚರ್‌ಗೆ ತಡೆಯಲಾಗಲಿಲ್ಲ. ಆದರೆ ಸಂಘದವರಿಗೆ ಗೊತ್ತಾದರೆ? ಬೆಳಗ್ಗೆ ಧರಣಿಯಲ್ಲಿ ಕೂತು ಘೋಷಣೆ ಕೂಗಿ, ರಾತ್ರಿ ಕದ್ದು ಪಾಠ ಮಾಡುವವಳು ನಾನು ಎಂದರು. "ಎರಡೂ ಕಡೆಯವರಿಗೂ ಮೋಸ ಮಾಡ್ತಿದ್ದೀನಿ ಅನ್ಸುತ್ತೆ."

ಅದೇ ಪಾಪಪ್ರಜ್ಞೆ ಹಗಲಿನಲ್ಲಿ ಮಗಳ ಮೇಲೆ ಸುರಿಯುತ್ತಿತ್ತು. ಧರಣಿ ಮುಗಿಸಿ ಬಂದ ತಕ್ಷಣ ಮಗಳನ್ನು ಕೂರಿಸಿಕೊಂಡು ಗಂಟೆಗಟ್ಟಲೆ ಗಣಿತ. ಶಾಲೆಯಲ್ಲಿ ಹೋದದ್ದನ್ನೆಲ್ಲ ಮನೆಯಲ್ಲೇ ತುಂಬಿಸಿಬಿಡುವ ಹಟ. ಹುಡುಗಿ ಮಾತು ಬಿಟ್ಟಿದ್ದು ಇದಕ್ಕೆ. ಇನ್ನೂ ಒಂದು ಕಾರಣ ಆಮೇಲೆ ಅವಳ ಬಾಯಿಂದಲೇ ಬಂತು. ಪೋಷಕರ ಗುಂಪಿನಲ್ಲಿ "ಈ ಟೀಚರ್‌ಗಳಿಗೆ ಎಷ್ಟು ಕೊಟ್ಟರೂ ಸಾಲದು" ಎಂದು ಯಾರೋ ಬರೆದಿದ್ದನ್ನು ಅಪ್ಪನ ಫೋನಿನಲ್ಲಿ ನೋಡಿದ್ದಳು. ಕೆಳಗೆ ಅಪ್ಪ ಹೆಬ್ಬೆರಳು ಒತ್ತಿದ್ದರು.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಗಂಡನಿಗೆ. ಮುಷ್ಕರ ಸರಿ ಎಂದು ನೀವು ಒಪ್ಪಬೇಕಾಗಿಲ್ಲ. ಇದನ್ನು ಕೇಳಿ ಅವರಿಗೇ ಆಶ್ಚರ್ಯ. ನಾನು ಒಪ್ಪಿಸುವುದಕ್ಕೇ ನೋಡುತ್ತೇನೆ ಎಂದುಕೊಂಡಿದ್ದರು. "ನನಗೆ ಇದು ಸರಿ ಕಾಣಲ್ಲ, ಆದ್ರೆ ಮನೆ ನಡೆಸೋದು ಇಬ್ಬರ ಕೆಲಸ" ಎಂದು ಹೇಳಿ, ಸಾಕು ಎಂದೆ. ಆ ಹೆಬ್ಬೆರಳನ್ನು ಮಾತ್ರ ತೆಗೆಯಿರಿ, ತೆಗೆದದ್ದನ್ನು ಮಗಳಿಗೆ ಹೇಳಿ ಎಂದೂ ಸೇರಿಸಿದೆ. ಅವಳು ಯಾರ ಪರ ಎಂದು ಅಪ್ಪನೂ ಕೇಳಬಾರದು, ಅಮ್ಮನೂ ಕೇಳಬಾರದು.

ದುಡ್ಡಿನ ವಿಷಯಕ್ಕೆ ಜಾಸ್ತಿ ಹೊತ್ತು ಕೊಟ್ಟೆವು, ಏಕೆಂದರೆ ಅದು ಬರೀ ಮಾತಿನಲ್ಲಿ ಮುಗಿಯುವ ವಿಷಯ ಅಲ್ಲ. ವಾರಕ್ಕೆ ಒಂದು ಸಲ, ಒಂದು ಗೊತ್ತಾದ ಹೊತ್ತಿನಲ್ಲಿ, ಇಬ್ಬರೂ ಕಾಗದ ಇಟ್ಟುಕೊಂಡು ಕೂರಬೇಕು. ಬರುವುದೆಷ್ಟು, ಕಟ್ಟಲೇಬೇಕಾದದ್ದೆಷ್ಟು, ಯಾವುದು ಮುಂದಕ್ಕೆ ಹೋದರೆ ನಡೆಯುತ್ತದೆ. ಉಳಿದ ದಿನ ಆ ಮಾತು ಬೇಡ. ಲೆಕ್ಕ ಗೋಡೆಯಿಂದ ಇಳಿದು ಪುಸ್ತಕಕ್ಕೆ ಬರಲಿ. ಸಾಲ ಕೊಟ್ಟವರ ಬಳಿ ಕಂತು ತಪ್ಪುವ ಮೊದಲೇ ಹೋಗಿ ಮಾತಾಡಿ. ಮೊದಲೇ ಹೋದವರಿಗೆ ಕೆಲವು ಸಲ ದಾರಿ ಸಿಗುತ್ತದೆ, ತಪ್ಪಿದ ಮೇಲೆ ಹೋದರೆ ದಂಡದ ಬಡ್ಡಿಯಿಂದಲೇ ಮಾತು ಶುರುವಾಗುತ್ತದೆ.

ಟೀಚರ್ ಒಂದು ಕಡೆ ಮುಗ್ಗರಿಸುತ್ತಿದ್ದರು. ಒಪ್ಪಂದವಾದರೆ ಮುಷ್ಕರದ ದಿನಗಳ ಸಂಬಳವೂ ವಾಪಸ್ ಬರುತ್ತದೆ ಎಂದು ಲೆಕ್ಕ ಹಾಕಿದ್ದರು. ಬರುವುದೂ ಉಂಟು, ಬಾರದಿರುವುದೂ ಉಂಟು. ರಜೆಯಲ್ಲಿ ಪಾಠ ಮಾಡಿ ಸರಿದೂಗಿಸಿದರೆ ಕೊಡುತ್ತೇವೆ ಎನ್ನುವುದೂ ಉಂಟು. ಆದ್ದರಿಂದ ಆ ದುಡ್ಡು ಇಲ್ಲವೆಂದೇ ಬರೆದುಕೊಳ್ಳಿ ಎಂದೆ. ಹೇಳುವಾಗ ನನಗೂ ಖುಷಿಯಾಗಲಿಲ್ಲ.

ರಾತ್ರಿಯ ಪಾಠದ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿಯೇ ಹೇಳಿದೆ. ಕಳಿಸುವುದು ತಪ್ಪೋ ಸರಿಯೋ ನಾನು ಹೇಳುವವಳಲ್ಲ, ಕದ್ದು ಕಳಿಸುವುದು ನಿಮ್ಮನ್ನು ತಿನ್ನುತ್ತಿದೆ. ಸಂಘದಲ್ಲೇ ಎದ್ದು ಕೇಳಿ: ಪರೀಕ್ಷೆ ಇರುವ ಮಕ್ಕಳಿಗೆ ಹಳೆಯ ಪಾಠಗಳ ಅಭ್ಯಾಸ ಕೊಡಬಹುದಾ? ಒಪ್ಪಿದರೆ ಹಗಲಿನಲ್ಲೇ ಕೊಡಿ. ಒಪ್ಪದಿದ್ದರೆ ನಿಲ್ಲಿಸಿ, ಆ ತಾಯಿಗೆ ನೀವೇ ಫೋನ್ ಮಾಡಿ ಹೇಳಿ. ಟೀಚರ್ ಹೆದರಿಕೊಂಡೇ ಕೇಳಿದರು. ಕೇಳಿದ ಮೇಲೆ ಗೊತ್ತಾಯಿತು, ಅವರ ಹಾಗೆ ಕದ್ದು ಕಳಿಸುತ್ತಿದ್ದವರು ಇನ್ನೂ ಕೆಲವರಿದ್ದರು! ಹೊಸ ಪಾಠ ಬೇಡ, ಹಳೆಯ ಪ್ರಶ್ನೆಪತ್ರಿಕೆಗಳಿಗೆ ಅಡ್ಡಿಯಿಲ್ಲ ಎಂದು ತೀರ್ಮಾನವಾಯಿತು.

ಮಗಳು ಮೂರನೇ ಭೇಟಿಗೆ ತಾನಾಗಿಯೇ ಬಂದಳು. ಬುದ್ಧಿ ಹೇಳುವ ಅಗತ್ಯವೇನೂ ಇರಲಿಲ್ಲ. ದಿನದ ವೇಳಾಪಟ್ಟಿಯನ್ನು ಅವಳೇ ಬರೆದಳು. ಶಾಲೆಗೆ ಏಳುವ ಹೊತ್ತಿಗೇ ಏಳುವುದು, ಇಬ್ಬರು ಗೆಳತಿಯರ ಜೊತೆ ಕೂತು ಓದುವುದು, ಸಂಜೆ ಹೊರಗೆ ಓಡಾಡುವುದು. ಅಮ್ಮ ಕಲಿಸುವುದು ಅವಳು ಕೇಳಿದಾಗ ಮಾತ್ರ. ಒಂದು ಷರತ್ತು ಹಾಕಿದಳು: "ಅಮ್ಮ ಸಾರಿ ಅನ್ನೋ ಮುಖ ಇಟ್ಕೊಂಡು ಪಾಠ ಮಾಡ್ಬಾರ್ದು." ಟೀಚರ್ ನಗಲೂ ಆಗದೆ ಅಳಲೂ ಆಗದೆ ಕೂತಿದ್ದರು. ಮುಷ್ಕರ ಯಾಕೆ ಎಂದು ಮಗಳಿಗೆ ಸರಿಯಾಗಿ ಹೇಳಿದ್ದೀರಾ ಎಂದು ಕೇಳಿದೆ. ಹೇಳಿರಲಿಲ್ಲ. ಸಭೆಯಲ್ಲಿ ಭಾಷಣ ಮಾಡಿದ್ದಾರೆ, ಮನೆಯಲ್ಲಿ ನಾಲ್ಕು ಮಾತು ಆಡಿಲ್ಲ. ಅಲ್ಲೇ ಹೇಳಿಸಿದೆ. ಎಷ್ಟು ವರ್ಷದಿಂದ ಸಂಬಳ ಹೆಚ್ಚಾಗಿಲ್ಲ, ಖರ್ಚು ಹೇಗೆ ಏರಿತು, ಹೊಸದಾಗಿ ಸೇರಿದ ಇಬ್ಬರು ಒಳ್ಳೆಯ ಟೀಚರ್‌ಗಳು ಯಾಕೆ ಬಿಟ್ಟು ಹೋದರು. ಗಂಡನೂ ಪಕ್ಕದಲ್ಲೇ ಕೂತು ಕೇಳಿದರು. ಕೊನೆಯದು ಅವರಿಗೂ ಗೊತ್ತಿರಲಿಲ್ಲ.

ಐದನೇ ವಾರ ಮುಷ್ಕರ ಮುಗಿಯಿತು. ಕೇಳಿದಷ್ಟು ಸಿಗಲಿಲ್ಲ, ಸ್ವಲ್ಪ ಸಿಕ್ಕಿತು. ಕಳೆದ ದಿನಗಳಿಗೆ ರಜೆಯಲ್ಲಿ ಪಾಠ ಮಾಡಬೇಕು. ಎಲ್ಲರೂ ಇಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಶಾಲೆಯೊಳಗಿನ ಕಷ್ಟ ಶುರುವಾಗುವುದೇ ಬಾಗಿಲು ತೆರೆದ ಮೇಲೆ. ಟೀಚರ್‌ಗೆ ಒಬ್ಬರು ಆಪ್ತ ಗೆಳತಿ, ಪಕ್ಕದ ಮೇಜಿನವರು. ಅವರು ಮುಷ್ಕರಕ್ಕೆ ಬರಲಿಲ್ಲ. ದಿನಾ ಹೋಗಿ ಸಹಿ ಹಾಕಿ ಖಾಲಿ ಶಾಲೆಯಲ್ಲಿ ಕೂತು ಬಂದರು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಹೆಚ್ಚಿದ ಸಂಬಳ ಮಾತ್ರ ಅವರಿಗೂ ಬರುತ್ತದೆ. "ನಾವು ಬಿಸಿಲಲ್ಲಿ ಕೂತ್ವಿ, ಅವಳಿಗೂ ಬಂತು" ಎಂಬ ಮಾತು ಸ್ಟಾಫ್‌ರೂಮಿನಲ್ಲಿ ಹಾರಾಡುತ್ತಿತ್ತು.

ಇದಕ್ಕೆ ನನ್ನ ಸಲಹೆ ಚಿಕ್ಕದು. ಮೊದಲ ವಾರ ಮುಷ್ಕರದ ಮಾತನ್ನು ಅವರ ಜೊತೆ ಎತ್ತಬೇಡಿ, ಕೆಲಸದ ಮಾತು ಮಾತ್ರ ನಿಲ್ಲಿಸಬೇಡಿ. ಯಾವ ಪಾಠ ಎಲ್ಲಿವರೆಗೆ ಬಂತು, ಯಾರ ತರಗತಿ ಯಾರು ತಗೊಳ್ಳೋದು, ಅಷ್ಟು. ಉಳಿದವರು ಅವರನ್ನು ಆಡಿಕೊಂಡಾಗ ಜೊತೆ ಸೇರಬೇಡಿ. ಸಿಟ್ಟು ಇದ್ದರೆ ಇರಲಿ, ಇಲ್ಲ ಎಂದು ನಟಿಸುವುದು ಬೇಡ. ಮಕ್ಕಳ ವಿಷಯದಲ್ಲಿ ಹೇಳಿದ್ದು, ಮೊದಲ ದಿನವೇ ಬಿಟ್ಟುಹೋದ ಪಾಠವನ್ನೆಲ್ಲ ಮೈಮೇಲೆ ಹೇರಬೇಡಿ. ಒಂದು ಪೀರಿಯಡ್ ಮಾತಿಗೆ ಬಿಡಿ, ಪ್ರಶ್ನೆ ಕೇಳಿದರೆ ಎರಡು ಮಾತಿನಲ್ಲಿ ಉತ್ತರಿಸಿ, ಯಾರನ್ನೂ ಬೈಯಬೇಡಿ. ಯಾವ ಮಗು ಎಲ್ಲಿ ನಿಂತಿದೆ ಎಂದು ನೋಡಿ ಪಾಠ ಶುರು ಮಾಡಿ. ಮನೆಯಲ್ಲಿ ಓದಿಸುವವರಿದ್ದ ಮಗುವಿಗೂ ಇಲ್ಲದ ಮಗುವಿಗೂ ಈ ಐದು ವಾರ ಒಂದೇ ಅಲ್ಲ. ತಾಯಿ ಫೋನ್ ಮಾಡಿ ಅತ್ತಿದ್ದ ಆ ಹುಡುಗನಿಗೆ ರಜೆಯ ಪಾಠದಲ್ಲಿ ಮೊದಲ ಬೆಂಚು ಕೊಟ್ಟೆ ಎಂದು ಟೀಚರ್ ಆಮೇಲೆ ಹೇಳಿದರು.

ಕೊನೆಯ ಭೇಟಿಗೆ ಮೂವರೂ ಬಂದಿದ್ದರು. ಎಲ್ಲ ಸರಿಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಗಂಡನಿಗೆ ಮುಷ್ಕರ ತಪ್ಪು ಎಂಬ ಅಭಿಪ್ರಾಯ ಹಾಗೇ ಇದೆ. ಒಂದು ಕಂತು ತಡವಾಯಿತು, ದಂಡ ಕಟ್ಟಿದರು. ಗೆಳತಿ ಸಿಕ್ಕಾಗ ನಮಸ್ಕಾರ ಹೇಳುತ್ತಾರೆ, ಕೂತು ಮಾತಾಡುವುದಿಲ್ಲ. ಮುಂದಿನ ಸಲ ಸಂಘದ ಸಭೆ ಕರೆದರೆ ಕೈ ಎತ್ತುವ ಮೊದಲು ಮನೆಯಲ್ಲಿ ಹೇಳುತ್ತೇನೆ ಎಂದರು ಟೀಚರ್. "ಕೇಳೋದಲ್ಲ, ಹೇಳೋದು" ಎಂದು ಒತ್ತಿ ಹೇಳಿದರು. ಗಂಡ, "ಹೇಳಿದ್ರೆ ಸಾಕು" ಎಂದರು. ಮಗಳು ಪರೀಕ್ಷೆ ಮುಗಿದ ಮೇಲೆ ಒಬ್ಬಳೇ ಬಂದು ಮಾತಾಡಬಹುದಾ ಎಂದು ಕೇಳಿದ್ದಾಳೆ. ಅವರಿಬ್ಬರ ವಿಷಯ ಅಲ್ಲವಂತೆ, ಅವಳದೇ ಬೇರೆ ಏನೋ ಇದೆಯಂತೆ. ಬಾ ಎಂದಿದ್ದೇನೆ.