ಒಟ್ಟಿಗೇ ಬೆಳೆದ ಎರಡು ಗಂಡು ಮೊಲಗಳು ಈಗ ಕಚ್ಚಾಡುತ್ತಿವೆ, ಏನು ಮಾಡಲಿ?

ಈಗಲೇ ಬೇರೆ ಬೇರೆ ಗೂಡಿಗೆ ಹಾಕಿ. ಅವೇ ರಾಜಿಯಾಗುತ್ತವೆ ಎಂದು ಬಿಡಬೇಡಿ. ಗಂಡುಗಳು ವೃಷಣ ಹರಿಯುವಷ್ಟು ಕಚ್ಚುತ್ತವೆ. ಬಿಡಿಸಲು ಬರಿಗೈ ಬೇಡ, ದಪ್ಪ ಟವೆಲ್ ಹೊದಿಸಿ ಎತ್ತಿ.

ಆಮೇಲೆ ಕೂದಲು ಬಿಡಿಸಿ ಕಿವಿ, ಬೆನ್ನು, ತೊಡೆಸಂದು ನೋಡಿ. ಹಲ್ಲಿನ ಗಾಯ ಮೇಲೆ ಬರೀ ಚುಕ್ಕೆಯಂತಿದ್ದರೂ ಒಳಗೆ ಕೀವು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಒದ್ದೆ ಗಾಯಕ್ಕೆ ನೊಣ ಕೂತರೆ ಒಂದೇ ದಿನದಲ್ಲಿ ಹುಳ ಬೀಳಬಹುದು. ಸಲೈನ್‌ನಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ.

ಕಾರಣ ಪ್ರಾಯ. 3ರಿಂದ 6 ತಿಂಗಳಿಗೆ ಹಾರ್ಮೋನು ಏರಿ, ಅಣ್ಣತಮ್ಮಂದಿರೂ ಜಾಗಕ್ಕೆ ಜಗಳಕ್ಕಿಳಿಯುತ್ತವೆ. ಎರಡಕ್ಕೂ ಬೀಜ ತೆಗೆಸುವುದೇ ಪರಿಹಾರ. ಒಂದಕ್ಕೆ ಮಾತ್ರ ಮಾಡಿಸಿದರೆ ಪ್ರಯೋಜನ ಕಡಿಮೆ. ಮೊಲಕ್ಕೆ ಅರಿವಳಿಕೆ ಕೊಟ್ಟು ಅಭ್ಯಾಸವಿರುವವರೇ ಬೇಕು, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ನಾಯಿ, ಬೆಕ್ಕಿನ ಹಾಗೆ ಹಿಂದಿನ ರಾತ್ರಿಯಿಂದ ಉಪವಾಸ ಹಾಕಬೇಡಿ: ಮೊಲ ವಾಂತಿ ಮಾಡುವುದಿಲ್ಲ, ಹೊಟ್ಟೆ ಖಾಲಿಯಾದರೆ ಕರುಳಿನ ಚಲನೆಯೇ ನಿಲ್ಲಬಹುದು.

ಹಾರ್ಮೋನು ಇಳಿಯಲು 4ರಿಂದ 6 ವಾರ ಬೇಕು. ಅಷ್ಟು ದಿನ ಗೂಡುಗಳನ್ನು ಪಕ್ಕಪಕ್ಕ ಇಡಿ, ನಡುವೆ ಮೂಗು ತಾಗದಷ್ಟು ಅಂತರವಿರಲಿ. ದಿನಕ್ಕೊಮ್ಮೆ ಹಾಸಿದ ಹುಲ್ಲನ್ನು ಅದಲುಬದಲು ಮಾಡಿ, ವಾಸನೆ ರೂಢಿಯಾಗಲಿ.

ನಂತರ ಎರಡೂ ಹಿಂದೆ ಓಡಾಡದ ಜಾಗದಲ್ಲಿ, ಹಳೇ ಚಾಪೆ ಹಾಸಿ, ದಿನಾ 10 ನಿಮಿಷ ಒಟ್ಟಿಗೆ ಬಿಡಿ. ಸ್ವಲ್ಪ ಅಟ್ಟಾಡಿಸುವುದು, ಮೇಲೇರುವುದು ಸಹಜ; ತಲೆಯ ಕಡೆಯಿಂದ ಏರಿದರೆ ಇಳಿಸಿ, ಕೆಳಗಿನದು ಮರ್ಮಕ್ಕೆ ಕಚ್ಚುತ್ತದೆ. ಕಿವಿ ಹಿಂದಕ್ಕೆ ಮಡಚಿ, ಬಾಲ ಎತ್ತಿ ಸುತ್ತತೊಡಗಿದರೆ ಅಂದಿಗೆ ನಿಲ್ಲಿಸಿ. ಒಂದನ್ನೊಂದು ನೆಕ್ಕುತ್ತ ಒಟ್ಟಿಗೆ ಮಲಗಿದ ಮೇಲಷ್ಟೇ ಗೂಡು ಒಂದು ಮಾಡಿ.